ಮಾನೇಸರದಲ್ಲಿ ಅಕ್ಟೋಬರ್ ಚಾಟ್ನಿ

ಮಾನೇಸರದ ಕಾರ್ಖಾನೆಗಳು ಮುಗಿದು ಅರಾವಳಿಯ ಬೋಳು ಗುಡ್ಡ ಶುರುವಾಗುವ ಕಡೆ ಚಂದ್ರಮೋಹನರ ದ್ರಾಕ್ಷಿ ತೋಟವಿತ್ತು. ಗೇಟಿನ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ‘ನೀಲ್‌ಗಾಯ್ ಹಿಲ್ ವಿನ್ಯಾರ್ಡ್ಸ್’ ಎಂಬ ಹೆಸರು. ಒಳಗೆ ಗಾಜಿನ ಗೋಡೆಯ ದೊಡ್ಡ ಹಾಲ್, ಅದರೆದುರು ಇಳಿಜಾರಿನಲ್ಲಿ ತಂತಿಗೆ ಹಬ್ಬಿಸಿದ ಬಳ್ಳಿಗಳು. ಭಾನುವಾರ ಬಂತೆಂದರೆ ಗುರುಗ್ರಾಮದಿಂದ ಕಾರುಗಳ ಸಾಲು. ಬಂದವರ ಮುಂದೆ ನಾಲ್ಕು ಗ್ಲಾಸು ಇಡುತ್ತಿದ್ದರು: ಬಿಳಿಯದು, ಗುಲಾಬಿ ಬಣ್ಣದ್ದು, ಕೆಂಪು, ಕೊನೆಗೆ ಸಿಹಿಯದು. ಜನ ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಗು ತೂರಿಸಿ, ಗಾಜಿನಾಚೆಯ ಬಳ್ಳಿಗಳನ್ನು ನೋಡಿ, ‘ಮಣ್ಣಿನ ವಾಸನೆ ಬರ್ತಿದೆ’ ಎನ್ನುತ್ತಿದ್ದರು.

ಯಾವ ಮಣ್ಣು? ಆ ವೈನು ನಾಸಿಕದ ಕಡೆಯಿಂದ ಸ್ಟೀಲ್ ಟ್ಯಾಂಕರಿನಲ್ಲಿ ಬರುತ್ತಿತ್ತು, ಡೇರಿ ಹಾಲು ಬಂದ ಹಾಗೆ. ಇಲ್ಲಿ ಅದನ್ನು ಬಾಟಲಿಗೆ ಇಳಿಸುತ್ತಿದ್ದರು, ಅಷ್ಟೆ. ಚಂದ್ರಮೋಹನರು ಕೇಂದ್ರ ಸರ್ಕಾರದಲ್ಲಿ ಫೈಲು ನೋಡುತ್ತಾ ತಲೆ ನರೆಸಿಕೊಂಡು ನಿವೃತ್ತರಾದ ಮೈಸೂರಿನವರು. ಸುಳ್ಳು ಬರೆಸುವ ಜಾತಿಯವರಲ್ಲ. ಬಾಟಲಿಯ ಹಿಂದೆ ‘ಇಲ್ಲಿ ತುಂಬಲಾಗಿದೆ’ ಎಂದು ಸಣ್ಣ ಅಕ್ಷರದಲ್ಲಿ ಹಾಕಿಸಿದ್ದರು. ಬಾಟಲಿಯ ಹಿಂಭಾಗವನ್ನು ಯಾವನು ಓದುತ್ತಾನೆ?

ಅವರ ಸ್ವಂತ ಬಳ್ಳಿಯಲ್ಲಿ ಹಣ್ಣು ಆಗುತ್ತಿರಲಿಲ್ಲವೆಂದಲ್ಲ. ಆಗುತ್ತಿತ್ತು, ಜೂನ್ ತಿಂಗಳಲ್ಲಿ. ಲೂ ಎಂಬ ಬೆಂಕಿಯಂಥ ಬಿಸಿಗಾಳಿ ಹೊಡೆದು ಸಿಪ್ಪೆ ಸುಡುತ್ತಿತ್ತು. ಅಷ್ಟರಲ್ಲಿ ಒಂದು ಮಳೆ ಬಿದ್ದರೆ ಹಣ್ಣು ಒಡೆದು ಕೊಳೆಯುತ್ತಿತ್ತು. ಉಳಿದದ್ದು ಗಿಳಿಗಳಿಗೆ. ಆ ಬಿಸಿಲಿನಲ್ಲಿ ನೋಡಲು ಬರುವ ಮಂದಿಯೂ ಇಲ್ಲ.

ಇಂಥ ತೋಟಕ್ಕೆ ಬಂದು ಸೇರಿದವನು ಬಸವಲಿಂಗಪ್ಪ. ಎಲ್ಲರ ಬಾಯಲ್ಲಿ ಬಸು. ವಿಜಯಪುರದ ತಿಕೋಟಾ ಕಡೆಯ ಹುಡುಗ, ದ್ರಾಕ್ಷಿ ಪಡದಲ್ಲೇ, ತೋಟದ ನಡುವೆಯೇ, ಬೆಳೆದವನು. ಒಂಬತ್ತನೇ ಇಯತ್ತೆಯಲ್ಲಿ ಮಾಸ್ತರನ ಮೇಲೆ ಕೈ ಎತ್ತಿದ್ದಕ್ಕೆ ಶಾಲೆ ಬಿಟ್ಟಿತು. ಮಾನೇಸರದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ನಿನ ಮುಂದೆ ನಿಂತಿದ್ದ. ಪಕ್ಕದವನ ಬೆರಳು ಹೋದ ದಿನ ಸೂಪರ್‌ವೈಸರನ ಕಾಲರ್ ಹಿಡಿದ, ಅದೂ ಬಿಟ್ಟಿತು. ಅವನ ಮೂಗಿನ ತುದಿಯಲ್ಲೇ ಸಿಟ್ಟು ಕೂತಿರುತ್ತಿತ್ತು. ಆ ಸಿಟ್ಟಿಗೆ ಕಾರಣ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಕಾರಣವಿದ್ದ ಸಿಟ್ಟಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಅಷ್ಟೆ.

ಅವನನ್ನು ಕರೆತಂದವರು ಚಂದ್ರಮೋಹನರ ಹೆಂಡತಿ ಸುಶೀಲಮ್ಮ. ಕರೋಲ್ ಬಾಗ್‌ನಲ್ಲಿ ಕನ್ನಡದವರ ಸಂಕ್ರಾಂತಿ ಊಟ ನಡೆದಿತ್ತು. ಬಡಿಸುವವನು ಕೊನೆಯ ಪಂಕ್ತಿಗೆ ಸಾರಿಗೆ ನೀರು ಬೆರೆಸಿದನೆಂದು ಬಸು ಅಲ್ಲಿ ಜಗಳ ತೆಗೆದಿದ್ದ. ಸುಶೀಲಮ್ಮನಿಗೆ ನಗು ಬಂತು.

“ಯಾವೂರಪ್ಪಾ ನಿಂದು?”

“ತಿಕೋಟಾರಿ ಅಮ್ಮಾರ. ದ್ರಾಕ್ಷಿ ಊರು.”

“ಹಾಗಾದ್ರೆ ನಮ್ಮನೇಗೆ ಬಾ. ನಮ್ಮೆಜಮಾನ್ರು ಪೆನ್ಷನ್ ಸುರಿದು ಕಡ್ಡಿ ಬೆಳೆಸ್ತಾ ಇದಾರೆ. ಅವರು ಮಾಡೋ ಆ ನೀರನ್ನ ನಾನು ಮುಟ್ಟಲ್ಲ. ಹಣ್ಣಾದ್ರೂ ಬಂದ್ರೆ ಕೋಸಂಬರಿಗೆ ಹಾಕ್ತೀನಿ.”

ಜನವರಿಯ ಮಂಜಿನಲ್ಲಿ ಬಸು ಆ ತೋಟವನ್ನು ಮೊದಲ ಸಲ ನೋಡಿದ. ಒಂದೇ ಒಂದು ಎಲೆ ಇಲ್ಲ. ಸಾಲುಸಾಲು ಒಣಗಿದ ಬಡಿಗೆಗಳು. ಅವನ ಊರಿನಲ್ಲಿ ಆ ಹೊತ್ತಿಗೆ ಬಳ್ಳಿ ಹಸಿರು ಚಪ್ಪರವಾಗಿ, ಗೊಂಚಲಿನ ಭಾರಕ್ಕೆ ಜೋತಿರುತ್ತದೆ. ಕತ್ತರಿಸಿದ ಕೆಲವು ದಿನ ಬಿಟ್ಟರೆ ಅಲ್ಲಿ ಬಳ್ಳಿ ಬರಿದಾಗಿ ನಿಲ್ಲುವುದನ್ನು ಅವನು ಕಂಡವನಲ್ಲ. ಇಲ್ಲಿಯ ಆಳುಗಳು ಆ ಬಡಿಗೆಗಳನ್ನೇ ಕತ್ತರಿಸುತ್ತಾ ನಿಂತಿದ್ದರು. ಬಸು ಓಡಿ ಹೋಗಿ ಒಬ್ಬನ ಕತ್ತರಿ ಕಿತ್ತುಕೊಂಡ. ಒಂದು ಕಡ್ಡಿ ಗೀರಿ ನೋಡಿದ. ಒಳಗೆ ಹಸಿರಿತ್ತು.

“ಸಾಹೇಬ್ರ, ಇವು ಸತ್ತಿಲ್ರಿ. ನೀವು ಸಾಯ್ಸಾಕ ಹತ್ತೀರಿ!”

ಚಂದ್ರಮೋಹನರು ಕನ್ನಡಕ ಸರಿ ಮಾಡಿಕೊಂಡರು. “ಇಲ್ಲಿ ಎಲ್ಲರೂ ಜನವರಿಯಲ್ಲೇ ಕತ್ತರಿಸೋದಪ್ಪ.”

“ಎಲ್ಲಾರೂ ಅಂದ್ರ ಯಾರ್ರಿ? ಸಾಸಿವಿ ಬೆಳಿಯೋ ಮಂದಿ. ದ್ರಾಕ್ಷಿ ಅವರಿಗೇನ್ ಗೊತ್ತ?”

ಆ ವರ್ಷ ಅವನ ಮಾತು ನಡೆಯಲಿಲ್ಲ. ಜೂನ್ ಬಂತು, ಹಣ್ಣು ಎಂದಿನಂತೆ ಸುಟ್ಟಿತು, ಒಡೆಯಿತು, ಗಿಳಿಗಳ ಪಾಲಾಯಿತು. ಆಗ ಮಗಳು ಸ್ಫೂರ್ತಿ ಮಾತು ತೆಗೆದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಗೆಸ್ಟ್‌ಗಳ ವ್ಯವಹಾರವೆಲ್ಲ ಅವಳದು. ಊಟದ ಮೇಜಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ತಟ್ಟೆಯಲ್ಲಿ ಕಲಸುತ್ತಿದ್ದಳು.

“ಪಪ್ಪಾ, ಬಸ್ ಹೋ ಗಯಾ, ಸಾಕು. ಈ ಬಳ್ಳಿ ಎಲ್ಲಾ ತೆಗೆಸಿ ಲಾನ್ ಮಾಡಣ. ವೆಡ್ಡಿಂಗ್ಸ್ ಬರ್ತಾವೆ. ಬಳ್ಳಿ ಯಾರಿಗ್ ಬೇಕು, ಸೀರಿಯಸ್ಲಿ?”

ಚಂದ್ರಮೋಹನರು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಬಾಗಿಲಲ್ಲಿ ಬಸು ನೀರಿನ ಕ್ಯಾನು ಹೊತ್ತು ನಿಂತಿದ್ದ. ಶಾಲೆ ದಬ್ಬಿತ್ತು, ಕಾರ್ಖಾನೆ ದಬ್ಬಿತ್ತು. ಈ ಬಳ್ಳಿಗಳ ನಡುವೆ ಮಾತ್ರ ಅವನನ್ನು ಯಾರೂ ‘ಏಯ್’ ಎಂದಿರಲಿಲ್ಲ. ಕ್ಯಾನು ದೊಪ್ಪನೆ ಕೆಳಗಿಟ್ಟ.

“ಸಾಹೇಬ್ರ, ಒಂದ್ ವರ್ಷ ನನ್ ಕೈಯಾಗ ಕೊಡ್ರಿ. ನಮ್ಮ ಕಡೆ ಅಕ್ಟೋಬರ್ ಚಾಟ್ನಿ ಅಂತ ಮಾಡ್ತೀವಿ. ಅಕ್ಟೋಬರ್‌ದಾಗ ಬಳ್ಳಿ ಕತ್ತರಿಸಿ, ಚಿಗುರು ಒಡಿಯೋ ಕಣ್ಣಿಗೆ ಔಷಧಿ ಹಚ್ಚೂದು. ಕಣ್ಣು ಒಡದು ಮಾರ್ಚ್‌ದಾಗ ಹಣ್ಣು ಕೈಗೆ. ಬಿಸಿಲಿಲ್ಲ, ಮಳಿ ಇಲ್ಲ.”

ಚಂದ್ರಮೋಹನರ ಬೆರಳು ನಿಂತಿತು. ಮಾರ್ಚ್! ಹೋಳಿಯ ಹೊತ್ತು. ಹವೆ ತಣ್ಣಗೆ, ಗುರುಗ್ರಾಮವೆಲ್ಲ ಹೊರಗೆ ತಿರುಗಾಡುವ ಕಾಲ. ಗೆಸ್ಟ್‌ಗಳೇ ಗೊಂಚಲು ಕೊಯ್ದು, ತೊಟ್ಟಿಯಲ್ಲಿ ಕಾಲಿನಿಂದ ತುಳಿದು, ಆ ರಸದಿಂದ ಈ ಗುಡ್ಡದ್ದೇ ಮೊದಲ ಬಾಟಲಿ. ಅವರ ಮುಖದಲ್ಲಿ ಬಸು ಅದುವರೆಗೆ ಕಾಣದ ಒಂದು ಬೆಳಕು ಬಂತು.

“ಇದು ಯಾರಿಗೂ ಯಾಕೆ ಹೊಳೀಲಿಲ್ಲ?”

“ದಿಲ್ಲಿ ಮಂದಿಗೆ ಹೊಳೀತದೇನ್ರಿ?”

ಮಾತಾಯಿತು. ಮಾರ್ಚ್‌ನಲ್ಲಿ ಹಣ್ಣು ಬಂದರೆ ಬಳ್ಳಿ ಉಳಿಯುತ್ತದೆ, ತೋಟಕ್ಕೆ ಬಸುವೇ ಇನ್‌ಚಾರ್ಜ್. ಬರದಿದ್ದರೆ ಜೆಸಿಬಿ.

ಬಸು ಊರಿಗೆ ಫೋನ್ ಮಾಡಿ ದತ್ತಾತ್ರೇಯ ಮಾವನನ್ನು ಕೇಳಿದ. ಮಾವ ಆ ಸೀಮೆಯಲ್ಲೇ ಚಾಟ್ನಿಗೆ ಹೆಸರಾದವನು. ಅವನು ದಿಲ್ಲಿಯನ್ನು ಟೀವಿಯಲ್ಲಿ ಮಾತ್ರ ಕಂಡಿದ್ದ. “ಬಳ್ಳಿ ಬಳ್ಳಿನ ಅಲ್ಲೇನಪಾ? ಅಲ್ಲಿದೇನ್ ಬ್ಯಾರೇ ಇರತೈತಿ? ದಸರಾ ಮುಗದಕೂಡ್ಲೆ ಹೊಡಿ. ನಾ ಅದೀನಿ” ಎಂದ. ಸಾವಿರ ಮೈಲಿ ದೂರದಿಂದ ‘ನಾ ಅದೀನಿ’ ಅನ್ನುವುದು ಎಷ್ಟು ಸುಲಭ!

ದಸರಾ ಮುಗಿಯಿತು. ಬಸು ಕತ್ತರಿ ಹಿಡಿದ. ಎಲೆ ಇನ್ನೂ ಹಸಿರಿದ್ದ ಬಳ್ಳಿಗಳನ್ನು ಒಂದೊಂದಾಗಿ ಬೋಳಿಸಿದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂದೊಂದು ಕಣ್ಣಿಗೂ ಔಷಧಿ ಹಚ್ಚಿದ. ಗೇಟಿನ ಕಾವಲಿನ ರಾಮ್‌ಫಲ್ ಬೀಡಿ ಕಚ್ಚಿಕೊಂಡು ನೋಡುತ್ತಿದ್ದ. “ಅಬೇ ಮದ್ರಾಸಿ, ಮಲಗೋಕೆ ಹೊರಟವರನ್ನ ಯಾಕೋ ಎಬ್ಬಿಸ್ತೀಯಾ?” ಎಂದು ಹರಿಯಾಣವೀ ಹಿಂದಿಯಲ್ಲಿ ಕೆಣಕಿದ. “ನೀನು ಎಮ್ಮೆ ಕಾಯ್ಕೊಂಡಿರು, ಇದು ನನ್ ಕೆಲಸ” ಎಂದು ಬಸು ತನ್ನ ಹಿಂದಿಯಲ್ಲಿ ಉಗಿದ. ಇಬ್ಬರೂ ನಕ್ಕರು.

ಕಣ್ಣು ಒಡೆದವು! ದೀಪಾವಳಿಯ ಹೊಗೆ ಇನ್ನೂ ಗುಡ್ಡದ ಮೇಲೆ ಕವಿದಿದ್ದಾಗ, ಆ ಕಂದು ಬಡಿಗೆಗಳ ತುಂಬ ಗುಲಾಬಿ ಅಂಚಿನ ಚಿಗುರು. ಚಂದ್ರಮೋಹನರು ಸ್ವೆಟರ್ ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಬಂದು ಸಾಲಿನ ನಡುವೆ ನಿಲ್ಲುತ್ತಿದ್ದರು. ಚಿಗುರಿನ ಹತ್ತಿರ ಬೆರಳು ತರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಎಲೆಯ ಬುಡದಲ್ಲಿ ಸಾಸಿವೆ ಕಾಳಿನಂಥ ಮೊಗ್ಗುಗಳ ಪುಟ್ಟ ಗೊಂಚಲು ಮೂಡಿದ ದಿನ ಸುಶೀಲಮ್ಮ ಬಸುವಿಗೆ ಹೋಳಿಗೆ ಮಾಡಿ ಹಾಕಿದರು. ಸ್ಫೂರ್ತಿ ಮೊಬೈಲಿನಲ್ಲಿ ಫೋಟೋ ಏರಿಸಿ, ‘ಮಾರ್ಚ್‌ನಲ್ಲಿ ಬನ್ನಿ, ನೀವೇ ಕೊಯ್ಯಿರಿ, ನೀವೇ ತುಳಿಯಿರಿ’ ಎಂದು ಟಿಕೆಟ್ ತೆರೆದಳು. ಎರಡು ಭಾನುವಾರ ಪೂರ್ತಿ ಭರ್ತಿಯಾದವು.

ಬಸು ಅಂಥ ಖುಷಿಯನ್ನು ಹಿಂದೆ ಅನುಭವಿಸಿದವನಲ್ಲ. ವೈನಿನ ಹನಿ ಅವನ ನಾಲಗೆಗೆ ತಾಗಿರಲಿಲ್ಲ, ಕೊರಳಲ್ಲಿ ಲಿಂಗವಿದ್ದವನು. ಆದರೆ ‘ಈ ಗುಡ್ಡದ ಬಾಟಲಿ’ ಎಂದು ಯಾರಾದರೂ ಅಂದರೆ ಅವನ ಎದೆ ಉಬ್ಬುತ್ತಿತ್ತು.

ಡಿಸೆಂಬರ್ ಬಂತು. ಚಿಗುರು ಬೆಳೆಯುವುದು ನಿಂತಿತು. ಎಲೆ ದಪ್ಪವಾಗಿ ಹಳದಿಗೆ ತಿರುಗಿತು. ಬಸು ಮಾವನಿಗೆ ಫೋನ್ ಮಾಡಿದ.

“ಗೊಬ್ಬರ ಕಮ್ಮಿ ಆಗೇತಿ. ನೀರಿನ ಕೂಡ ಬಿಡು” ಎಂದ ಮಾವ.

ಗೊಬ್ಬರ ಬಿಟ್ಟ. ಬಳ್ಳಿ ಅಲ್ಲಾಡಲಿಲ್ಲ. ಹಗಲೆಲ್ಲ ಸೂರ್ಯನ ಮುಖ ಕಾಣದ ದಿನಗಳು ಬಂದವು. ಬಸು ಮೈಗೆ ಎರಡು ಕಂಬಳಿ ಹೊದ್ದರೂ ನಡುಗುತ್ತಿದ್ದ. ಆಗ ಅವನಿಗೆ ಮೊದಲ ಸಲ ಅನ್ನಿಸಿತು: ನನಗೇ ಹೀಗಾದರೆ ಇವಕ್ಕೆ? ಆ ಯೋಚನೆಯನ್ನು ಅವನು ಹಲ್ಲು ಕಚ್ಚಿ ಹಿಂದಕ್ಕೆ ದಬ್ಬಿದ.

ಜನವರಿಯ ಒಂದು ಸಂಜೆ ಮಂಜು ಪೂರ್ತಿ ಕರಗಿ ಆಕಾಶ ತೊಳೆದಿಟ್ಟ ಕನ್ನಡಿಯ ಹಾಗಿತ್ತು. ಗಾಳಿ ಇಲ್ಲ. ಬಸು ಒಳ್ಳೆಯದಾಯಿತೆಂದುಕೊಂಡ. ರಾಮ್‌ಫಲ್ ಮಾತ್ರ ಆಕಾಶ ನೋಡಿ ಬೀಡಿ ಎಸೆದ.

“ಆಜ್ ಪಾಲಾ ಪಡೇಗಾ. ಇವತ್ತು ಹಿಮ ಕೂರುತ್ತೆ ಎಲೆ ಮೇಲೆ. ಸುತ್ತ ಕಸ ಹಾಕಿ ಹೊಗೆ ಮಾಡು, ನೀರು ಹಾಯ್ಸು. ನಾವು ಸಾಸಿವೆಗೆ ಹಾಗೇ ಮಾಡೋದು.”

ಬಸು ಓಡಿದ. ಚಂದ್ರಮೋಹನರು ಶಾಲು ಹೊದ್ದು ಹೀಟರಿನ ಮುಂದೆ ಕೂತಿದ್ದರು.

“ಹೊಗೆಯಾ? ಆಗಲ್ಲಪ್ಪಾ. ಪೊಲ್ಯೂಷನ್ ಅಂತ ಎಲ್ಲ ಬೆಂಕೀನೂ ನಿಷೇಧ ಮಾಡಿದಾರೆ. ನಾನೇ ಸರ್ಕಾರದಲ್ಲಿದ್ದವನು, ನಾನೇ ಮುರೀಲಾ?”

“ಸಾಹೇಬ್ರ, ಆ ಫ್ಯಾಕ್ಟರಿ ಚಿಮಣಿ ನೋಡ್ರಿ! ಅದಕ್ಕಿಲ್ಲದ ಕಾಯ್ದೆ ನನ್ನ ಕಸಕ್ಕೈತೇನು?”

“ಅವರಿಗೆ ಅವರ ಪರ್ಮಿಷನ್ ಇರುತ್ತೆ. ನೀರು ಬಿಡು, ಹೋಗು.”

ನೀರು ಬಿಡಲು ಹೋದರೆ ಕರೆಂಟಿಲ್ಲ. ಮೋಟಾರಿನ ಮುಂದೆ ನಿಂತು ಬಸು ಸರ್ಕಾರವನ್ನು, ಚಿಮಣಿಯನ್ನು, ಸಾಹೇಬರನ್ನು, ತನ್ನ ಮಾವನನ್ನು ಬಾಯಿಗೆ ಬಂದಂತೆ ಬೈದ. ಆಕಾಶ ಇನ್ನಷ್ಟು ಸ್ವಚ್ಛವಾಯಿತು.

ಬೆಳಿಗ್ಗೆ ಎದ್ದು ನೋಡಿದರೆ ಎಲೆಯ ಅಂಚಿಗೆಲ್ಲ ಉಪ್ಪು ಸವರಿದ ಹಾಗೆ ಬೆಳ್ಳಗೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ ಸ್ಫೂರ್ತಿ ಓಡಿ ಬಂದು ಫೋಟೋ ತೆಗೆದಳು. ಬಿಸಿಲು ಬಿತ್ತು, ಬಿಳಿ ಕರಗಿತು, ಎಲೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ಇಳಿಜಾರು ಕಪ್ಪು. ಬಸು ಒಂದು ಪುಟ್ಟ ಗೊಂಚಲನ್ನು ಮುಟ್ಟಿದ. ಅದು ಬೆರಳಿಗೆ ಮಸಿಯಂತೆ ಅಂಟಿ ಬಂತು.

ಚಂದ್ರಮೋಹನರು ಸಾಲಿನ ನಡುವೆ ಬಂದು ನಿಂತರು. ಬಸು ಬೈಗುಳಕ್ಕೆ ಕಾದ. ಬೈದರೆ ತಿರುಗಿ ಬೈಯಬಹುದು. ಹೊಗೆಯ ಮಾತು ಎತ್ತಬಹುದು, ಕರೆಂಟಿನ ಮಾತು ಎತ್ತಬಹುದು.

“ಡಾರ್ಮೆನ್ಸಿ ಅಂತಲೋ ಏನೋ ಅಂತಾರಲ್ಲ, ಇಲ್ಲಿಯ ಬಳ್ಳಿಗೆ ಚಳಿಗಾಲ ಮಲಗೋ ಅಭ್ಯಾಸ ಇದ್ದಿರಬೇಕು ಕಣಯ್ಯ” ಎಂದು ಅವರು ನಿಧಾನವಾಗಿ, ಯಾವುದೋ ಫೈಲಿನ ಮೇಲೆ ಟಿಪ್ಪಣಿ ಬರೆಯುವವರಂತೆ ಅಂದರು. “ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಮೈಸೂರಿನವನಿಗೂ ಗೊತ್ತಿಲ್ಲ, ವಿಜಯಪುರದವನಿಗೂ ಗೊತ್ತಿಲ್ಲ. ಹೋಗು, ತಿಂಡಿ ತಿನ್ನು.”

ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಬಸುವಿನ ಸಿಟ್ಟಿಗೆ ಹಿಡಿದುಕೊಳ್ಳಲು ಒಂದು ಕಾಲರೂ ಉಳಿಯಲಿಲ್ಲ. ಹೊಗೆ ಹಾಕಿದ್ದರೂ ಅಷ್ಟೆ ಎಂಬುದು ಅವನಿಗೆ ಒಳಗೊಳಗೇ ತಿಳಿದಿತ್ತು. ಈ ದಿನ ಅಲ್ಲದಿದ್ದರೆ ಇನ್ನೊಂದು ದಿನ. ಎಬ್ಬಿಸಿದವನು ತಾನು.

ಫೆಬ್ರವರಿ ಕಳೆಯುತ್ತಿದ್ದಂತೆ ಬಳ್ಳಿಗಳು ಬುಡದಿಂದ ಮತ್ತೆ ಚಿಗುರಿದವು. ಬಸುವಿಗೆ ಉಸಿರು ಬಂತು. ದಿನವೂ ಎಲೆ ಸರಿಸಿ ಸರಿಸಿ ಹುಡುಕಿದ. ಎಲೆ ಇತ್ತು, ಎಲೆಯ ಹಿಂದೆ ಎಲೆಯೇ ಇತ್ತು. ಗೊಂಚಲಿರಲಿಲ್ಲ. ಇದ್ದ ಶಕ್ತಿಯೆಲ್ಲ ಮೊದಲ ಚಿಗುರಿಗೆ ಸುರಿದು ಹೋಗಿತ್ತು.

ಇತ್ತ ಟಿಕೆಟ್ ಹೋಗಿ ಆಗಿತ್ತು. ಕೊಯ್ಲಿನ ಮೊದಲ ಭಾನುವಾರದ ಹಿಂದಿನ ದಿನ ಸ್ಫೂರ್ತಿ ಆಜಾದ್‌ಪುರ ಮಂಡಿಯಿಂದ ಒಂದು ಟೆಂಪೋ ತರಿಸಿದಳು. ಅದರಲ್ಲಿ ಕರಿ ದ್ರಾಕ್ಷಿಯ ಪೆಟ್ಟಿಗೆಗಳು. ಬಸು ಒಂದನ್ನು ಇಳಿಸಿ ನೋಡಿದ. ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ‘ವಿಜಯಪುರ’ ಎಂದಿತ್ತು. ಅವನ ಕೈ ಅಲ್ಲೇ ನಿಂತಿತು.

“ತುಳಿಯಾಕೇನ್ರಿ ಇದು?” ಎಂದ.

“ತುಳಿಯೋಕೂ, ಔರ್...” ಸ್ಫೂರ್ತಿ ಅವನ ಮುಖ ನೋಡದೆ ಒಂದು ಹಸಿರು ದಾರದ ಉಂಡೆ ಕೊಟ್ಟಳು. “ಬಸು, ಸುನೋ ನಾ. ಗ್ಲಾಸ್ ಹಾಲ್ ಮುಂದಿನ ಎರಡು ಸಾಲಿಗೆ ಕಟ್ಬಿಡು. ಎಲೆ ಮಧ್ಯ. ಅವರು ಕೊಯ್ಬೇಕಲ್ಲ. ಪ್ಲೀಸ್ ಯಾರ್, ನೀನ್ ಬಿಟ್ರೆ ಯಾರಿಗೂ ನೀಟಾಗಿ ಬರಲ್ಲ.”

“ನಾ ಕಟ್ಟೂದಿಲ್ರಿ.”

“ಅಚ್ಛಾ? ನಾನು ನಿಂಗೆ ಏನಾದ್ರೂ ಅಂದ್ನಾ ಇಷ್ಟು ದಿನ? ಪಪ್ಪಾ ಏನಾದ್ರೂ ಅಂದ್ರಾ?”

ಯಾರೂ ಏನೂ ಅಂದಿರಲಿಲ್ಲ. ಅದೇ ಅವನ ಬಾಯಿ ಕಟ್ಟಿತು. ಬೆಳಕು ಹರಿಯುತ್ತಲೇ ಹೋಗಿ ಕಟ್ಟಿದ. ತನ್ನೂರಿನ ಗೊಂಚಲುಗಳನ್ನು ತಾನು ಕೆಡಿಸಿದ ಬಳ್ಳಿಗಳಿಗೆ ಒಂದೊಂದಾಗಿ ಕಟ್ಟಿದ. ತೊಟ್ಟಿನ ಹಿಂದೆ ಗಂಟು ಬರುವ ಹಾಗೆ, ಮೇಲೆ ಒಂದು ಎಲೆ ಬಾಗುವ ಹಾಗೆ. ಕೈ ತಾನಾಗಿಯೇ ಅಚ್ಚುಕಟ್ಟಾಗಿ ಕಟ್ಟುತ್ತಿತ್ತು. ಆ ಕೈಯ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಜನ ಬಂದರು. ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಹೂವಿನ ಫ್ರಾಕು. ಸ್ಪೀಕರಿನಲ್ಲಿ ಹಾಡು. ಪುಟ್ಟ ಕತ್ತರಿ, ಪುಟ್ಟ ಬುಟ್ಟಿ ಹಿಡಿದು ಸಾಲಿಗೆ ನುಗ್ಗಿದರು. ಒಬ್ಬ ದಪ್ಪ ಮನುಷ್ಯ ಒಂದು ಹಣ್ಣು ಬಾಯಿಗೆಸೆದುಕೊಂಡು, ಕಣ್ಣು ಮುಚ್ಚಿ, “ವಾಹ್! ಲೋಕಲ್‌ನ ಮಾತೇ ಬೇರೆ. ಅರಾವಳಿ ಕಾ ಸ್ವಾದ್!” ಎಂದ.

ಬಸುವಿನ ತಲೆಯಲ್ಲಿ ಏನೋ ಹರಿಯಿತು. ಅವನು ಸಾಲಿಗೆ ನುಗ್ಗಿ ಒಂದು ಗೊಂಚಲನ್ನು ಕಿತ್ತು, ಹಸಿರು ದಾರ ಎತ್ತಿ ಹಿಡಿದು ಹಿಂದಿಯಲ್ಲಿ ಕೂಗಿದ:

“ಇದು ಇಲ್ಲಿಯದಲ್ಲ! ಮಂಡಿಯದು! ನಾನೇ ಬೆಳಿಗ್ಗೆ ದಾರ ಹಾಕಿ ಕಟ್ಟಿದ್ದು! ಇಲ್ಲಿ ಒಂದು ಹಣ್ಣೂ ಆಗಿಲ್ಲ! ನೀವು ಕುಡಿಯೋದೂ ಇಲ್ಲಿಯದಲ್ಲ, ಟ್ಯಾಂಕರಿನದು!”

ಹಾಡು ಹಾಡುತ್ತಲೇ ಇತ್ತು. ಜನ ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ಆ ದಪ್ಪ ಮನುಷ್ಯ ಹೊಟ್ಟೆ ಕುಲುಕಿಸಿ ನಕ್ಕ. “ಅರೇ ಭಾಯ್, ಗುರ್‌ಗಾಂವಲ್ಲಿ ಅಂಗೂರ ಎಲ್ಲಿಂದ ಬರುತ್ತೆ, ನಮಗೆ ಗೊತ್ತಿಲ್ವಾ? ಕೋಯೀ ಬಾತ್ ನಹೀಂ. ಬಾ, ನೀನೂ ಫೋಟೋಗೆ ನಿಂತ್ಕೋ.” ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಅವನ ಕೂಗೂ ಟಿಕೆಟ್ಟಿನ ಒಂದು ಮೋಜಾಯಿತು.

ಹತ್ತಿರದಲ್ಲೇ ಒಬ್ಬ ಹುಡುಗಿ ಬುಟ್ಟಿ ಹಿಡಿದು ನಿಂತಿದ್ದಳು. ದೆಹಲಿಯಲ್ಲಿ ಎಂಎ ಓದುವ, ಗೆಳತಿಯರ ಜೊತೆ ಬಂದ ಧನ್ಯಾ. ಅವನ ಹಿಂದಿಯ ಎಳೆತದಲ್ಲೇ ಊರು ಗುರುತಿಸಿದ್ದಳು.

“ನೀವು ಕನ್ನಡದವರಲ್ವಾ? ನಂಗೆ ಮೊದಲೇ ದಾರ ಕಾಣಿಸ್ತು” ಎಂದಳು, ಸಮಾಧಾನ ಮಾಡುವ ದನಿಯಲ್ಲಿ. “ಬೇಜಾರ್ ಮಾಡ್ಕೋಬೇಡಿ. ತುಂಬಾ ಚೆನ್ನಾಗಿ ಕಟ್ಟಿದೀರ. ನಿಜವಾದ್ದರ ಥರಾನೇ ಇದೆ.”

ಬಸು ಗೊಂಚಲನ್ನು ಅವಳ ಬುಟ್ಟಿಯಲ್ಲಿ ಹಾಕಿ ಹೊರಟುಹೋದ.

ಮರುದಿನ ಅವನು ಚೀಲ ಕಟ್ಟಿಕೊಂಡು ಗಾಜಿನ ಹಾಲ್‌ನ ಬಾಗಿಲಿಗೆ ಬಂದ. ತಾನಾಗಿ ಹೋಗುವುದು ದಬ್ಬಿಸಿಕೊಳ್ಳುವುದಕ್ಕಿಂತ ಮೇಲು. ಒಳಗೆ ಅಪ್ಪ ಮಗಳು ಚಹ ಕುಡಿಯುತ್ತಿದ್ದರು. ಸ್ಫೂರ್ತಿಯ ಮುಖ ಅರಳಿತ್ತು.

“ಬಸು! ಕಲ್ ತೋ ಹಿಟ್ ಹೋ ಗಯಾ! ನಿನ್ನ ಆ ಡೈಲಾಗ್ ಎಲ್ಲರೂ ವೀಡಿಯೊ ಹಾಕಿದಾರೆ. ಏಪ್ರಿಲ್‌ಗೂ ಬುಕಿಂಗ್ ಬಂತು.”

ಚಂದ್ರಮೋಹನರು ಚಹದ ಕಪ್ ಕೆಳಗಿಟ್ಟರು. ಅವರ ಮುಖದಲ್ಲಿ ಚಾಟ್ನಿಯ ಮಾತೆತ್ತಿದ ದಿನದ ಆ ಬೆಳಕು ಇರಲಿಲ್ಲ, ದುಃಖವೂ ಇರಲಿಲ್ಲ. “ಮೇಲಿನ ಇಳಿಜಾರು ಲಾನ್ ಆಗುತ್ತಪ್ಪ, ಜೆಸಿಬಿಯವನು ಬರ್ತಾನೆ. ಈ ಮುಂದಿನ ಎರಡು ಸಾಲು ಇರಲಿ. ಎಲೆ ಹಸಿರಾಗಿದ್ರೆ ಸಾಕು, ಹಣ್ಣು ತರಿಸ್ಕೊಂಡ್ರಾಯ್ತು. ಮಾತು ಕೊಟ್ಟಿದ್ನಲ್ಲ, ನೀನೇ ಇನ್‌ಚಾರ್ಜ್.”

ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ಘೋರ. ಅವನು ಕೇಳಿದ್ದನ್ನೆಲ್ಲ ಕೊಟ್ಟಿದ್ದರು.

“ಎಲ್ಲಿಗೋ ಹೊರಟಿದೀಯಾ?” ಸುಶೀಲಮ್ಮ ಅಡುಗೆಮನೆಯಿಂದ ಇಣುಕಿ ಚೀಲ ನೋಡಿ ಕೇಳಿದರು.

ಬಸು ಬಾಯಿ ತೆರೆದ. ಎಲ್ಲಿಗೆ? ಕಾರ್ಖಾನೆಯ ಗೇಟಿಗೆ? ಮಾವನ ಪಡಕ್ಕೆ, ‘ಬಳ್ಳಿ ಬಳ್ಳಿನ ಅಲ್ಲೇನಪಾ’ ಅನ್ನಿಸಿಕೊಳ್ಳಲು?

“ಎಲ್ಲಿಗಿಲ್ರಿ ಅಮ್ಮಾರ” ಎಂದ.

ಜೆಸಿಬಿ ಬಂದು ಮೇಲಿನ ಇಳಿಜಾರನ್ನು ಬೋಳು ಮಾಡಿ ಹೋಯಿತು. ಕಿತ್ತ ಬೊಡ್ಡೆಗಳನ್ನು ರಾಮ್‌ಫಲ್ ಒಲೆಗೆ ಒಯ್ದ. ಏಪ್ರಿಲ್‌ನಲ್ಲಿ, ಒಂದು ಭಾನುವಾರದ ಬೆಳಿಗ್ಗೆ, ಮಂಡಿಯ ಗೊಂಚಲು ಕಟ್ಟಲು ಎಲೆ ಸರಿಸಿದಾಗ ಬಸುವಿಗೆ ಒಂದು ಬಳ್ಳಿಯಲ್ಲಿ ನಿಜವಾದ ಹೂಗೊಂಚಲು ಕಂಡಿತು. ಕಿರುಬೆರಳಿನಷ್ಟು, ತಡವಾಗಿ ಬಂದದ್ದು. ಅವನು ಸುತ್ತ ನೋಡಿದ. ಸಾಹೇಬರನ್ನು ಕೂಗೋಣವೆಂದು ತಿರುಗಿದ. ಗಾಜಿನ ಹಾಲಿನಲ್ಲಿ ಅವರು ಗ್ಲಾಸುಗಳನ್ನು ಒರೆಸಿ ನಾಲ್ಕು ನಾಲ್ಕಾಗಿ ಜೋಡಿಸುತ್ತಿದ್ದರು.

ಈ ಗೊಂಚಲು ಹಣ್ಣಾಗುವುದು ಜೂನ್‌ಗೆ. ಲೂ ಗಾಳಿಗೆ, ಗಿಳಿಗೆ. ಅಲ್ಲಿಯ ತನಕ ಸೋತ ಬಳ್ಳಿಯ ಉಳಿದ ರಸವನ್ನೂ ಹೀರುತ್ತದೆ. ಇಂಥ ಗೊಂಚಲನ್ನು ಚಿವುಟಬೇಕು, ಅದು ತಿಕೋಟಾದಲ್ಲೂ ಸರಿ, ಇಲ್ಲೂ ಸರಿ. ಅವನು ಉಗುರಿನಿಂದ ಚಿವುಟಿದ, ಕೆಳಗೆ ಬಿಟ್ಟ. ಆ ಜಾಗದಲ್ಲಿ ಪೆಟ್ಟಿಗೆಯಿಂದ ಒಂದು ದೊಡ್ಡ ಗೊಂಚಲು ಆರಿಸಿ, ತೊಟ್ಟಿನ ಹಿಂದೆ ಗಂಟು ಬರುವ ಹಾಗೆ ಕಟ್ಟಿದ. ಗೇಟಿನಲ್ಲಿ ಮೊದಲ ಕಾರು ಹಾರ್ನ್ ಹೊಡೆಯಿತು.